ಎದುರಿಗೆ ಕೂತು ಕೇಳಿದ ಸಂಗೀತ ಕಚೇರಿಗಳಲ್ಲಿ ನಿಮಗೆ ಮರೆಯೋಕಾಗದ್ದು ಯಾವುದು?

ಚಾಮರಾಜಪೇಟೆ ಹಳಬ
ನಿನ್ನೆ ನಮ್ಮ ಮನೇಲಿ ಇದೇ ವಿಷಯಕ್ಕೆ ಜೋರು ವಾದ ಆಯ್ತು. ತಂಗಿ ಮಗ, ಇಂಜಿನಿಯರಿಂಗ್ ಮುಗಿಸಿದ ಹುಡುಗ, "ಭೀಮಸೇನ ಜೋಶಿಯವರದ್ದು ಯೂಟ್ಯೂಬಲ್ಲಿ ಬೇಕಾದಷ್ಟು ಇದೆ ಮಾವ, ಹೆಡ್‌ಫೋನ್ ಹಾಕಿದ್ರೆ ತಂಬೂರಿ ಕೂಡ ಸ್ಪಷ್ಟವಾಗಿ ಕೇಳತ್ತೆ. ನೀವು ಸೊಳ್ಳೆ ಕಚ್ಚಿಸ್ಕೊಂಡು ಕೇಳಿದ್ದರಲ್ಲಿ ಅಂಥಾದ್ದೇನಿತ್ತು?" ಅಂದ. ಅವನಿಗೆ ಸರಿಯಾಗಿ ಉತ್ತರ ಕೊಡೋಕೆ ಸಾಮಗ್ರಿ ಬೇಕು, ಅದಕ್ಕೇ ಕೇಳ್ತಿದೀನಿ.

ಷರತ್ತು ಎರಡೇ. ಒಂದೇ ಕಚೇರಿ ಹೇಳಬೇಕು. ಅಲ್ಲಿ ನೀವು ಖುದ್ದಾಗಿ ಇದ್ದಿರಬೇಕು.

ನನ್ನದು ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತೋತ್ಸವ, ಎಂಬತ್ತರ ದಶಕದ ಕೊನೆ. ಸೀಸನ್ ಟಿಕೆಟ್ ತಗೊಳ್ಳೋ ಶಕ್ತಿ ಇಲ್ಲದ ಕಾಲ. ತಗಡಿನ ಬೇಲಿ ಆಚೆ ರಸ್ತೇಲಿ ನ್ಯೂಸ್‌ಪೇಪರ್ ಹಾಸಿಕೊಂಡು ಕೂರೋ ಗುಂಪೇ ಒಂದಿತ್ತು, ಅದರಲ್ಲಿ ನಾನೂ ಒಬ್ಬ. ಭೀಮಸೇನ ಜೋಶಿ ಆಭೋಗಿ ಎತ್ಕೊಂಡ್ರು. ಆಭೋಗಿ ಮೂಲತಃ ನಮ್ಮ ಕರ್ನಾಟಕ ಸಂಗೀತದ ರಾಗ, ಜೋಶಿಯವರ ಕಿರಾಣಾ ಘರಾಣೆಯವರು ಅದನ್ನ ಹಿಂದೂಸ್ತಾನಿ ಕಡೆ ಒಯ್ದು ತಮ್ಮದೇ ಮಾಡ್ಕೊಂಡಿದ್ದಾರೆ. ಪಕ್ಕದಲ್ಲಿ ಕಚ್ಚೆಪಂಚೆ ಉಟ್ಟ ಯಜಮಾನರು ಮೊದಲರ್ಧ ಗಂಟೆ ಮುಖ ಸಿಂಡರಿಸಿಕೊಂಡೇ ಕೂತಿದ್ರು, "ಇನ್ನೂ ಪಲ್ಲವಿಗೇ ಬರ್ಲಿಲ್ವಲ್ಲಯ್ಯ" ಅಂತ. ಜೋಶಿಯವರು ತಾರ ಷಡ್ಜದಲ್ಲಿ, ಅಂದ್ರೆ ಮೇಲಿನ 'ಸಾ' ಮೇಲೆ, ನಿಂತಾಗ ಒಂದು ಬಸ್ಸು ಹಾರ್ನ್ ಹೊಡ್ಕೊಂಡು ಹೋಯ್ತು, ಷಡ್ಜ ಮಾತ್ರ ಅಲ್ಲೇ ಇತ್ತು. ಯಜಮಾನರು ಎದ್ದು ನಿಂತು ಬೇಲಿ ಕಡೆ ತಿರುಗಿ ಕೈ ಮುಗಿದ್ರು. ಒಳಗೆ ಹಾಡ್ತಿದ್ದವರಿಗೆ ಅದು ಕಾಣೋ ಹಾಗೇ ಇರ್ಲಿಲ್ಲ.

ಹುಬ್ಬಳ್ಳಿ ಮಿರ್ಚಿ
ಹಳಬರ, ಜೋಶಿ ಅವರನ್ನ ಬೆಂಗಳೂರಾಗ ಬೇಲಿ ಹೊರಗ ಕುಂತು ಕೇಳಿ ಇಷ್ಟ ಹೇಳ್ತೀರಿ. ಕುಂದಗೋಳಕ್ಕ ಬಂದು ನಾಡಗೇರ ವಾಡೇದಾಗ, ಆ ದೊಡ್ಡ ಹಳೇ ಮನ್ಯಾಗ, ಕೇಳಬೇಕಿತ್ತು ನೀವು.

ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ ಅಂತ ಹೇಳ್ತೀನಿ. ಜೋಶಿ ಅವರ ಗುರು ಸವಾಯಿ ಗಂಧರ್ವರು ಕುಂದಗೋಳದವರು. ಅವರ ಪುಣ್ಯತಿಥಿಗೆ ಇಡೀ ರಾತ್ರಿ ಹಾಡಿಕಿ. ಟಿಕೆಟ್ ಇಲ್ಲ, ಪಾಸ್ ಇಲ್ಲ. ಹೊಲದಾಗಿಂದ ಸೀದಾ ಬಂದ ಮಂದಿ ತಲಿಗೆ ಸುತ್ತಿದ್ದ ಟಾವೆಲ್ ಬಿಚ್ಚಿ ಅದನ್ನ ಹಾಸಿಕೊಂಡು ಕುಂಡ್ರತಾರ. ರಾಗದ ಹೆಸರು ಕೇಳಿದ್ರ ಹೇಳೂದಿಲ್ಲ, ಆದ್ರ ಸ್ವರ ಒಂದೀಟು ಇಳೀತಂದ್ರ ಮೊದಲ ಅವರ ಮಾರಿ ಹುಳ್ಳಗ ಆಗ್ತದ.

ನಂದು ಗಂಗೂಬಾಯಿ ಹಾನಗಲ್ ಅವರ ಕಚೇರಿ. ಬೆಳಗಿನ ಜಾವ, ಭೈರವ. ಗಂಟಲಿನ ಆಪರೇಷನ್ ಆದಮ್ಯಾಲೆ ಅವರ ದನಿ ಗಂಡುದನಿ ಆಗಿತ್ತು, ಅದು ಎಲ್ಲಾರಿಗೂ ಗೊತ್ತು. ಆದ್ರ ಆ ದನಿ ಮೈಕಿನ ಮೂಲಕ ಬರೂದು ಬ್ಯಾರೆ, ಆ ವಾಡೇದ ಕಟಗಿ ಕಂಬಕ್ಕ ಬಡದು ಬರೂದು ಬ್ಯಾರೆ. ಹಿಂದ ಮಗಳು ಕೃಷ್ಣಾ ಅವರು ಸಾಥ್ ಕೊಡ್ತಿದ್ರು. ತಾಯಿ ಖರ್ಜದಾಗ, ಕೆಳಗಿನ ಸ್ವರದಾಗ, ಇಳದ ಕೂಡಲೆ ಮಗಳು ಮ್ಯಾಲಿನ ಸ್ವರ ಹಿಡದು ನಿಲ್ತಿದ್ರು. ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡ್ತಿರಲಿಲ್ಲ. ಹಾಡಿಕಿ ಮುಗದಾಗ ಬೆಳಕ ಹರದಿತ್ತು, ಹೊರಗ ಚಹಾ, ಚುರುಮುರಿ ಗಿರ್ಮಿಟ್ ತಯಾರಿತ್ತು.

ನಿಮ್ಮ ಅಳಿಯಗ ಹೇಳ್ರಿ, ಹೆಡ್‌ಫೋನಿನಾಗ ಗಿರ್ಮಿಟ್ ಬರೂದಿಲ್ಲ ಅಂತ.

ಐಟಿ ಕೂಲಿ
ಸವಾಯಿ ಗಂಧರ್ವ ಉತ್ಸವ ಅಂದ್ರೆ ಪುಣೆದಲ್ವಾ? ನಾನು ಎರಡು ವರ್ಷ ಅಲ್ಲಿದ್ದೆ, ಡಿಸೆಂಬರಲ್ಲಿ ದೊಡ್ಡ ಪೆಂಡಾಲ್ ಹಾಕ್ತಿದ್ರು.

ಹುಬ್ಬಳ್ಳಿ ಮಿರ್ಚಿ
ಎರಡೂ ಖರೇನ. ಗುರುಗಳು ತೀರಿಕೊಂಡಿದ್ದು 1952ರಾಗ. ಶಿಷ್ಯ ಭೀಮಸೇನ ಜೋಶಿ ಅವರು ಪುಣೆದಾಗ 1953ರಿಂದ ಸುರು ಮಾಡಿದ ಉತ್ಸವ ದೊಡ್ಡದಾಗಿ ಬೆಳೀತು. ಕುಂದಗೋಳದ್ದು ಅವರ ಸ್ವಂತ ಊರಿನ ಹಾಡಿಕಿ. ಅಲ್ಲಿ ಸ್ಪಾನ್ಸರ್ ಬೋರ್ಡು, ಇಲ್ಲಿ ಮೆಟ್ಟಲಮ್ಯಾಲೆ ಕುಂತ ಹುಡುಗ್ರು.

ಬಸವನಗುಡಿ ಹೆಡ್‌ಬ್ಯಾಂಗರ್
ಎಲ್ಲಾ ಹಿರಿಯರ ಮಧ್ಯೆ ನಾನೊಬ್ಬ ತಪ್ಪು ಅಡ್ರೆಸ್ಸಿಗೆ ಬಂದೆ ಅನ್ಸುತ್ತೆ. ಆದ್ರೂ ಹೇಳ್ತೀನಿ. ಐರನ್ ಮೇಡನ್, ಅರಮನೆ ಮೈದಾನ, 2007ರ ಮಾರ್ಚ್ 17.

ಆವರೆಗೂ ನಮಗೆ ಆ ಬ್ಯಾಂಡ್ ಅಂದ್ರೆ ಕ್ಯಾಸೆಟ್ಟು, ಆಮೇಲೆ ಪೈರೇಟೆಡ್ ಸೀಡಿ, ನ್ಯಾಷನಲ್ ಮಾರ್ಕೆಟಲ್ಲಿ ತಗೊಂಡ ಕಪ್ಪು ಟೀ ಶರ್ಟು. ಇಂಡಿಯಾಕ್ಕೆ ಅವರು ಬರ್ತಾರೆ ಅಂತ ಪೇಪರಲ್ಲಿ ಓದಿದಾಗ ಏಪ್ರಿಲ್ ಒಂದಕ್ಕೆ ಇನ್ನೂ ಟೈಮಿದೆಯಲ್ಲ ಅಂದ್ಕೊಂಡಿದ್ವಿ. ಗುವಾಹಟಿ, ಶಿಲ್ಲಾಂಗ್ ಕಡೆಯಿಂದ ಹುಡುಗ್ರು ಜನರಲ್ ಡಬ್ಬೀಲಿ ಬಂದಿದ್ರು. ಲೈಟು ಆರಿದ ತಕ್ಷಣ ಮುಂದೆ ನುಗ್ಗಿದ ನೂಕಲಲ್ಲಿ ನನ್ನ ಒಂದು ಶೂ ಹೋಯ್ತು, ಇಡೀ ಶೋ ಒಂದೇ ಶೂನಲ್ಲಿ ಕುಣಿದೆ. ಪಕ್ಕದಲ್ಲಿದ್ದ ಅಪರಿಚಿತ ಹೆಗಲ ಮೇಲೆ ಕೈ ಹಾಕಿ ಅಳ್ತಿದ್ದ. ಅವನ ಹೆಸರು ಇವತ್ತಿಗೂ ಗೊತ್ತಿಲ್ಲ.

ತಂಬೂರಿ ಅಜ್ಜಿ
ಅದನ್ನ ಸಂಗೀತ ಅಂತೀರೇನಪ್ಪಾ? ನಮ್ಮ ಮನೆ ಸದಾಶಿವನಗರದಲ್ಲಿದೆ, ಆ ರಾತ್ರಿಗಳಲ್ಲಿ ಕಿಟಕಿ ಗಾಜು ನಡುಗ್ತಿತ್ತು.

ಬಸವನಗುಡಿ ಹೆಡ್‌ಬ್ಯಾಂಗರ್
ಅಜ್ಜಿ, ಹಾಗಾದ್ರೆ ನೀವೂ ಆ ಕಚೇರಿ ಕೇಳಿದೀರಿ. ಫ್ರೀಯಾಗಿ.

ತಂಬೂರಿ ಅಜ್ಜಿ
ಕೇಳಿದ್ದಲ್ಲ, ಅನುಭವಿಸಿದ್ದು! ಆದ್ರೆ ಮಳೆ ಬಂದ ದಿನ ಮೊಮ್ಮಗ ನೆಂದು ತೊಪ್ಪೆಯಾಗಿ ಮನೆಗೆ ಬಂದಿದ್ದ, ಆಗ ಯಾರೋ ಮುದುಕರು ಹಾಡ್ತಿದ್ರಂತಲ್ಲ?

ಐಟಿ ಕೂಲಿ
ಅದು ರೋಲಿಂಗ್ ಸ್ಟೋನ್ಸ್ ಅಜ್ಜಿ, 2003ರ ಏಪ್ರಿಲ್. ಮುದುಕರಾದ್ರೂ ಮಳೇಲಿ ಆ ಕಡೆಯಿಂದ ಈ ಕಡೆಗೆ ಓಡಾಡ್ಕೊಂಡು ಹಾಡಿದ್ರು. ನನಗೆ ಮಾತ್ರ ಮೆಟಾಲಿಕಾನೇ ದೊಡ್ಡದು, 2011. ದೆಹಲೀಲಿ ಮೊದಲು ಆಗಿ ಆಮೇಲೆ ಬೆಂಗಳೂರಿಗೆ ಬಂದ್ರು.

ಬಸವನಗುಡಿ ಹೆಡ್‌ಬ್ಯಾಂಗರ್
ಇಲ್ಲ ಗುರು. ದೆಹಲಿ ಹತ್ರ ಗುರ್ಗಾಂವ್‌ದು ಕ್ಯಾನ್ಸಲ್ ಆಯ್ತು, ಅಲ್ಲಿ ಜನ ರೊಚ್ಚಿಗೆದ್ದು ಸ್ಟೇಜ್ ಮೇಲೇ ನುಗ್ಗಿದ್ರು. ಅಕ್ಟೋಬರ್ 30ಕ್ಕೆ ಬೆಂಗಳೂರಲ್ಲಿ ಆಗಿದ್ದೇ ಇಂಡಿಯಾದ ಮೊದಲ ಶೋ. ಕೆಸರು ನೆನಪಿದೆಯಾ? ಮಂಡಿವರೆಗೂ.

ಐಟಿ ಕೂಲಿ
ಸರಿ ಸರಿ. ಕೆಸರು ನೆನಪಿಲ್ದೆ ಇರುತ್ತಾ, ಪ್ಯಾಂಟ್ ಎಸೆದೆ.

ಮೃದಂಗಂ ಮಾಮ
ಎಲ್ಲರೂ ಹಾಡಿದವರ ಬಗ್ಗೆ, ಕೆಸರಿನ ಬಗ್ಗೆ ಬರೀತಿದೀರಿ. ಪಕ್ಕವಾದ್ಯದವನೊಬ್ಬ ಅಲ್ಲಿ ಕೂತಿದ್ದ ಅನ್ನೋದಾದ್ರೂ ಗಮನಕ್ಕಿದೆಯಾ?

ಎರಡು ಗಂಟೆಯಿಂದ ಹಾಡೋರ ಸಂಗತಿಗಳಿಗೆಲ್ಲ ನುಡಿಸಿಕೊಂಡು ಬಂದಿರ್ತೀವಿ. ಪ್ರಧಾನ ಕೃತಿ ಮುಗಿದು ತನಿ, ಅಂದ್ರೆ ತಾಳವಾದ್ಯದವರೇ ನುಡಿಸೋ ಭಾಗ, ಬಿಟ್ಟ ಕೂಡಲೇ ಮುಂದಿನ ನಾಲ್ಕು ಸಾಲು ಎದ್ದು ಹೊರಡ್ತವೆ. ಕುರ್ಚಿ ಕರಕರ, ಟಿಫಿನ್ ಡಬ್ಬಿ ಟಣಟಣ. ನಾನು ತಿಶ್ರ ನಡೆ (ಮೂರರ ಲಯ) ಶುರು ಮಾಡೋ ಹೊತ್ತಿಗೆ ಸಭಾದ ಕ್ಯಾಂಟೀನಲ್ಲಿ ಕ್ಯೂ. ಕೊರಪ್ಪಿನಲ್ಲಿ ನಾನೂ ಘಟದವರೂ ಸರದಿ ಮೇಲೆ ನುಡಿಸ್ತಾ ಎಂಟಕ್ಷರಕ್ಕೆ, ನಾಲ್ಕಕ್ಷರಕ್ಕೆ ಇಳಿಸ್ಕೊಂಡು ಬರುವಾಗ ಒಳಗೆ ಇರೋದು ಆಯೋಜಕರು ಮತ್ತು ನಿದ್ದೆ ಹೋದವರು.

ನನ್ನ ಮರೆಯಲಾಗದ ಕಚೇರಿ ಮೈಸೂರು ವಿ.ವಿ. ಮೊಹಲ್ಲಾ ಎಂಟನೇ ಕ್ರಾಸಿನ ಗಣಪತಿ ಉತ್ಸವದ್ದು. ರಸ್ತೆಗೇ ಶಾಮಿಯಾನ ಹಾಕ್ತಾರೆ, ಗೊತ್ತಿರೋರಿಗೆ ಗೊತ್ತು. ತನಿ ನಡೀತಿದ್ದಾಗ ಕರೆಂಟ್ ಹೋಯ್ತು. ಮೈಕಿಲ್ಲ, ದೀಪವಿಲ್ಲ. ನಿಲ್ಲಿಸೋಣ ಅಂದ್ಕೊಂಡೆ. ಗಾಯಕರು ಕತ್ತಲಲ್ಲೇ ಜೋರಾಗಿ ತಾಳ ಹಾಕೋಕೆ ಶುರು ಮಾಡಿದ್ರು. ಸ್ವಲ್ಪ ಹೊತ್ತಿಗೆ ಮುಂದಿನ ಸಾಲು, ಅದರ ಹಿಂದಿನ ಸಾಲು, ಹೀಗೇ ಇಡೀ ಕ್ರಾಸ್ ಆದಿತಾಳ ಹಾಕ್ತಿತ್ತು. ನನ್ನ ಎಡಗೈ ತೊಪ್ಪಿಯ ಗುಂಕಿ, ಆ ಗುಂಯ್ ಅನ್ನೋ ನಾದ, ನನಗೇ ಅಷ್ಟು ಚೆನ್ನಾಗಿ ಯಾವತ್ತೂ ಕೇಳಿರ್ಲಿಲ್ಲ. ಮೋಹರಾ ಮುಗಿಸಿ ಕೊನೆಯ ತೀರ್ಮಾನ ಕೊಟ್ಟಾಗ ಒಬ್ಬರೂ ಎದ್ದಿರಲಿಲ್ಲ.

ಮಲ್ಲೇಶ್ವರದ ಮೀನಾಕ್ಷಿಯ ಮಗಳು
ಮಾಮ, ಕತ್ತಲಲ್ಲಿ ಎದ್ದು ಹೋಗೋಕೆ ಚಪ್ಪಲಿ ಎಲ್ಲಿ ಸಿಗುತ್ತೆ ಹೇಳಿ 😀

ಮೃದಂಗಂ ಮಾಮ
ನೀವು ಕ್ಯಾಂಟೀನ್ ಪಾರ್ಟಿ ಅಂತ ಗೊತ್ತಾಯ್ತು.

ಮಲ್ಲೇಶ್ವರದ ಮೀನಾಕ್ಷಿಯ ಮಗಳು
ಹೌದು, ಒಪ್ಕೋತೀನಿ. ಆದ್ರೆ ಮೂರು ಗಂಟೆ ಕೂತ ವಯಸ್ಸಾದವರಿಗೆ ಬೇರೆ ಯಾವಾಗ ಬಿಡುವು ಕೊಡ್ತೀರಿ? ಹಿಂದೂಸ್ತಾನಿಯವರ ಹಾಗೆ ನಡುವೆ ವಿರಾಮ ಅಂತ ಘೋಷಿಸಿ, ತನಿಗೆ ಯಾರೂ ಏಳಲ್ಲ. ತಪ್ಪು ಕೇಳುಗರದ್ದಲ್ಲ, ಕಚೇರಿ ಕಟ್ಟೋ ಪದ್ಧತಿಯದ್ದು.

ಮೃದಂಗಂ ಮಾಮ
ಬಿಡುವು ಬೇಕಿದ್ರೆ ರಾಗಾಲಾಪನೆ ಮಧ್ಯೆ ಏಳಿ ನೋಡೋಣ. ಪಕ್ಕದವರು ಕಣ್ಣಲ್ಲೇ ಸುಡ್ತಾರೆ. ನಮ್ಮ ಪಾಲಿಗೆ ಬಂದಾಗ ಮಾತ್ರ ವಯಸ್ಸು ನೆನಪಾಗತ್ತೆ.

ತಂಬೂರಿ ಅಜ್ಜಿ
ಮೃದಂಗದವರು ಹೇಳೋದು ಸರಿ. ಆದ್ರೆ ತೊಡೆ ಮೇಲೆ ತಪ್ಪು ತಾಳ ಹಾಕ್ಕೊಂಡು ಕೂರೋರಿಗಿಂತ ಎದ್ದು ಹೋಗೋರೇ ವಾಸಿ.

ಕುಂದಾಪ್ರ ಹೈದ
ಹ್ವಾಯ್, ಕಚೇರಿ ಕಚೇರಿ ಅಂತ್ರಿ, ಯಕ್ಷಗಾನ ಲೆಕ್ಕಕ್ಕಿಲ್ಯಾ? ಕಾಳಿಂಗ ನಾವಡರ ಪದ ಕೇಂಡವ್ರು ಇಲ್ಲಿ ಯಾರೂ ಇಲ್ಯಾ?

ನಾನು ಆಗ ಹೈಸ್ಕೂಲು. ಸಾಲಿಗ್ರಾಮ ಮೇಳದ ಡೇರೆ ಆಟ ನಮ್ಮೂರ ಗದ್ದೆಗೆ ಬಂದಿತ್ತು. ಟಿಕೆಟಿಗೆ ದುಡ್ಡಿರಲಿಲ್ಲ, ಡೇರೆಯ ಹೊರಗೆ ಗದ್ದೆ ಅಂಚಿನ ಮೇಲೆ ಕೂತದ್ದು. ಒಳಗೆ ಏನು ನಡೀತಿದೆ ಅಂತ ಕಾಣುದಿಲ್ಲ. ಸುರುವಿಗೆ ಪದ ಹೇಳುವುದು ಬೇರೆ ಭಾಗವತರು, ಮುಖ್ಯ ಭಾಗವತರು ಕೂರುದು ತಡರಾತ್ರಿ ಮೇಲೆ. ಅಲ್ಲಿವರೆಗೆ ಕಡಲೆ ಬಿಡಿಸಿ ತಿನ್ನುದು, ತೂಕಡಿಸುದು. ನಾವಡರು ಜಾಗಟೆ ಹಿಡಿದು ಮೊದಲ ಸೊಲ್ಲು ಎತ್ತಿದ ಕೂಡಲೆ ಹೊರಗೆ ಕೂತವರೆಲ್ಲ ನೆಟ್ಟಗಾದ್ರು. ವೇಷ ಕಾಣದಿದ್ರೂ ಯಾರು ರಂಗಕ್ಕೆ ಬಂದ್ರು, ಸಿಟ್ಟಲ್ಲಿ ಬಂದ್ರಾ ದುಃಖದಲ್ಲಿ ಬಂದ್ರಾ ಅಂತ ಪದದಲ್ಲೇ ಗೊತ್ತಾಗ್ತಿತ್ತು. ಚಂಡೆ ಏರಿದ ಹಾಗೆ ಅವರ ಕಂಠ ಅದರ ಮೇಲೆ ಸಲೀಸಾಗಿ ಹೋಗ್ತಿತ್ತು.

1990ರಲ್ಲಿ ಬೈಕ್ ಅಪಘಾತದಲ್ಲಿ ಹೋದ್ರು. ಇನ್ನೂ ಮೂವತ್ತರ ಆಸುಪಾಸು. ಅವತ್ತು ನಮ್ಮೂರಲ್ಲಿ ಅಂಗಡಿ ಬಾಗಿಲು ತೆಗೀಲಿಲ್ಲ.

ಐಟಿ ಕೂಲಿ
ಚೆನ್ನಾಗಿದೆ, ಆದ್ರೆ ಅದು ಆಟ ಅಲ್ವಾ? ಪ್ರಶ್ನೆ ಕಚೇರಿದು.

ಕುಂದಾಪ್ರ ಹೈದ
ವೇಷ ನಾನು ಕಂಡೇ ಇಲ್ಲ ಅಂದ್ನಲ್ಲ ಮಾರಾಯ್ರೆ. ಕಂಡದ್ದು ಡೇರೆ ಬಟ್ಟೆ, ಕೇಂಡದ್ದು ಪದ. ನನಗೆ ಅದು ಕಚೇರಿಯೇ.

ಚಾಮರಾಜಪೇಟೆ ಹಳಬ
ಒಪ್ಪಿಗೆ. ಬೇಲಿ ಹೊರಗಿನವರೆಲ್ಲ ಒಂದೇ ಜಾತಿ.

ಕುಡ್ಲದ ಕಡ್ಲೆ
ಮೈಸೂರು ಅಂದದ್ದಕ್ಕೆ ನೆನಪಾಯ್ತು. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. ಅಪ್ಪ ನಾಗಸ್ವರದವರು, ಸಜೀಪದವರು. ಅಂಥಾ ಪರದೇಶಿ ವಾದ್ಯದಲ್ಲಿ ಗಮಕ ತರಲಿಕ್ಕೆ ಎಷ್ಟು ವರ್ಷ ತಿಣುಕಿರಬೇಡ! 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು.

ನಾನು ಕೇಳಿದ್ದು ಮಂಗಳೂರಿನ ಒಂದು ದೇವಸ್ಥಾನದ ಅಂಗಳದಲ್ಲಿ, ಪಿಟೀಲಿಗೆ ವಿದುಷಿ ಕನ್ಯಾಕುಮಾರಿ. ಗೋಪಾಲನಾಥರದ್ದು ಮೈ ತುಂಬ ಜರಿ ಅಂಗಿ, ಕೈ ತುಂಬ ಉಂಗುರ, ಹಣೆ ತುಂಬ ಕುಂಕುಮ. ನೋಡಿದ್ರೆ ಮದುವೆಮನೆ ಯಜಮಾನರು ಅನ್ನಬೇಕು. ಕಲ್ಯಾಣಿ ಬಾರಿಸುವಾಗ ಒಂದೇ ಉಸಿರಲ್ಲಿ ಎಷ್ಟು ಹೊತ್ತು ಹೋದರು ಅಂದ್ರೆ ಪಕ್ಕದಲ್ಲಿದ್ದ ನನ್ನ ಅಮ್ಮ ತಾನೂ ಉಸಿರು ಹಿಡಿದು ಕೆಮ್ಮಿ ಬಿಟ್ಟರು. ಆ ಕೆಮ್ಮಿಗೆ ಅವರು ವೇದಿಕೆ ಮೇಲಿಂದಲೇ ನಗಾಡಿದರು. 2019ರಲ್ಲಿ ತೀರಿಕೊಂಡಾಗ ಅಮ್ಮ ಮೊದಲು ನೆನೆಸಿಕೊಂಡದ್ದು ಅದನ್ನೇ.

ಭಾವಗೀತೆ ಭಟ್ಟ
ಯಾರೂ ಸಿ. ಅಶ್ವಥ್ ಹೆಸರು ಎತ್ತಲಿಲ್ಲ ಅಂದ್ರೆ ಆಶ್ಚರ್ಯ. 2005, ಅದೇ ಅರಮನೆ ಮೈದಾನ, 'ಕನ್ನಡವೇ ಸತ್ಯ'. ಹೆಡ್‌ಬ್ಯಾಂಗರ್ ಸಾಹೇಬ್ರೇ, ನಿಮ್ಮ ಮೇಡನ್‌ಗಿಂತ ಎರಡು ವರ್ಷ ಮೊದಲು ಅದೇ ಜಾಗ ಬರೀ ಕನ್ನಡ ಕವಿತೆ ಕೇಳೋಕೆ ತುಂಬಿತ್ತು. ಸಿನಿಮಾ ತಾರೆ ಕುಣಿತಾರೆ ಅಂತ ಬಂದ ಜನ ಅಲ್ಲ, ಕುವೆಂಪು, ಬೇಂದ್ರೆ, ಶರೀಫರನ್ನ ಕೇಳೋಕೆ ಬಂದವರು. ನಮ್ಮ ಬಸ್ಸು ಮೇಖ್ರಿ ಸರ್ಕಲ್‌ನಲ್ಲೇ ನಿಂತುಹೋಯ್ತು, ಅಲ್ಲಿಂದ ನಡೆದೇ ಹೋದ್ವಿ. ಅಶ್ವಥ್ ಶರೀಫರ ಪದಕ್ಕೆ ಬಂದಾಗ ಕೋರಸ್ ವೇದಿಕೆ ಮೇಲಿತ್ತೋ ಕೆಳಗಿತ್ತೋ ಗೊತ್ತಾಗ್ತಿರ್ಲಿಲ್ಲ. ಹಿಂದೆ ಕಡ್ಲೆಕಾಯಿ ಮಾರೋನು ಪೂರ್ತಿ ಪದ ಬಾಯಿಪಾಠ ಹಾಡ್ತಿದ್ದ, ನಮ್ಮಂಥ ಎಂ.ಎ. ಕನ್ನಡದವರು ಎರಡನೇ ಚರಣಕ್ಕೆ ತಡವರಿಸ್ತಿದ್ವಿ.

ಬಸವನಗುಡಿ ಹೆಡ್‌ಬ್ಯಾಂಗರ್
ಸ್ವಾಮಿ, ಅದಕ್ಕೂ ಹೋಗಿದ್ದೆ. ಅಪ್ಪ ಕರ್ಕೊಂಡು ಹೋಗಿದ್ರು. ಅಶ್ವಥ್ ಗಂಟಲು ಮೆಟಲ್‌ಗೆ ಹೇಳಿ ಮಾಡ್ಸಿದ್ದು ಅಂತ ನಾನು ಯಾವತ್ತೂ ಹೇಳ್ತೀನಿ, ಯಾರೂ ನಂಬಲ್ಲ.

ಭಾವಗೀತೆ ಭಟ್ಟ
ನಾನು ನಂಬ್ತೀನಿ.

ಸೌಂಡ್ ಸೀನ
ವೃತ್ತಿಯಲ್ಲಿ ಮೈಕ್ ಸೆಟ್ಟಿನವನು, ನಿಮ್ಮೆಲ್ಲರ ಕಚೇರಿ ಹಾಳು ಮಾಡಿದ ಪಾಪಿ. ಒಂದು ಮಾತು ಹೇಳ್ಲಾ? ಕರೆಂಟ್ ಹೋದದ್ದು, ಡೇರೆ ಹೊರಗೆ, ವಾಡೇ ಕಂಬ, ಇಲ್ಲೆಲ್ಲ ನೀವು ಹೊಗಳ್ತಿರೋದು ಸ್ಪೀಕರ್ ಇಲ್ಲದ ಸೌಂಡನ್ನ. ಆದ್ರೆ ಕಚೇರಿಗೆ ಬಂದಾಗ ಹಿಂದಿನ ಸಾಲಿನವರು ನನಗೆ ಕೈ ಮಾಡೋದು "ವಾಲ್ಯೂಮ್ ಜಾಸ್ತಿ" ಅಂತ. ವೇದಿಕೆ ಮೇಲಿನವರು "ಮಾನಿಟರ್ ಜಾಸ್ತಿ" ಅಂತಾರೆ, ಅಂದ್ರೆ ಅವರ ಕಡೆ ತಿರುಗಿಸಿಟ್ಟ ಸ್ಪೀಕರು. ಮೃದಂಗದವರು ಹಾಡೋರಿಗಿಂತ ಒಂದು ಕೈ ಹೆಚ್ಚೇ ಕೇಳ್ತಾರೆ, ಮಾಮ ಕ್ಷಮಿಸ್ಬೇಕು. ಎಲ್ಲರದ್ದೂ ಏರಿಸಿದ ಮೇಲೆ ತಂಬೂರಿ ಎಲ್ಲಿ ಉಳಿಯತ್ತೆ?

ಮೃದಂಗಂ ಮಾಮ
ಪಾಲಘಾಟ್ ಮಣಿ ಅಯ್ಯರ್ ಅವರು ಮೈಕೇ ಬೇಡ ಅಂತ ಹಟ ಹಿಡಿದವರು, ತಿಳ್ಕೊಳ್ಳಿ. ಮೃದಂಗದವರನ್ನೆಲ್ಲ ಒಂದೇ ಗಂಟಿಗೆ ಕಟ್ಟಬೇಡಿ.

ತಂಬೂರಿ ಅಜ್ಜಿ
ನಮ್ಮ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿದ್ದು ಯಾಕೆ? ಹಿಂದೆ ಕೂತವರಿಗೂ ಕೇಳಲಿ ಅಂತ. ಮೈಕಿಲ್ಲದ ಕಾಲಕ್ಕೆ ಅವರದ್ದೇ ಉಪಾಯ. ನಮ್ಮ ತಂದೆ ಅವರ ಪಿಟೀಲು ಕೇಳಿದವರು. ನಾನೂ ಮಲ್ಲೇಶ್ವರದ ಚೌಡಯ್ಯ ಹಾಲಿನಲ್ಲಿ ಅವರ ಕಚೇರಿ ಕೇಳಿದ್ದಿರಬೇಕು, ಸಣ್ಣವಳಿದ್ದಾಗ.

ಮಲ್ಲೇಶ್ವರದ ಮೀನಾಕ್ಷಿಯ ಮಗಳು
ಅಜ್ಜಿ, ಅದು ಸಾಧ್ಯವಿಲ್ಲ. ಚೌಡಯ್ಯನವರು ಹೋಗಿದ್ದು 1967ರಲ್ಲಿ, ಪಿಟೀಲಿನ ಆಕಾರದ ಆ ಸಭಾಂಗಣ ಆಗಿದ್ದು 1980ಕ್ಕೆ. ಬೇರೆ ಜಾಗ ಇರ್ಬೇಕು. ಟೌನ್ ಹಾಲ್?

ತಂಬೂರಿ ಅಜ್ಜಿ
ಜಾಗ ಯಾವುದಾದ್ರೆ ಏನು, ಪಿಟೀಲು ಕೇಳಿದ್ದು ನಿಜ.

ಗದಗಿನ ಗಾಳಿ
ನಮ್ಮ ವೀರೇಶ್ವರ ಪುಣ್ಯಾಶ್ರಮದ ಸುದ್ದಿ ಹೇಳದಿದ್ರ ಈ ಚರ್ಚಾ ಪೂರಾ ಆಗೂದಿಲ್ಲ. ಪುಟ್ಟರಾಜ ಗವಾಯಿಗಳು ಇದ್ದಾಗ ಜಾತ್ರಿಗೆ ಹೋಗಿದ್ದೆ. ಕಣ್ಣಿಲ್ಲದ ಸಣ್ಣ ಹುಡುಗನೊಬ್ಬ, ಹತ್ತು ವರ್ಷದಾಂವ ಇದ್ದಿರಬೇಕು, ಹಾರ್ಮೋನಿಯಂ ಮುಂದ ಕುಂತಿದ್ದ. ಅವನ ಕಾಲು ನೆಲಕ್ಕ ಹತ್ತಿರಲಿಲ್ಲ ಅಂತ ಖುರ್ಚಿ ತಗದು ಚಾಪಿ ಹಾಕಿದ್ರು. ವಚನ ಹಾಡಿದ. ಅಜ್ಜಾರು ದೂರ ಕುಂತು ತಲಿ ಅಲ್ಲಾಡಸತಿದ್ರು, ಒಂದ್ಕಡೆ ಅಂವ ತಪ್ಪಿದ ಕೂಡಲೆ ಅಲ್ಲಿಂದನ ಆ ಸ್ವರ ಹಾಡಿ ತೋರಿಸಿದ್ರು. ಹುಡುಗ ನಿಲ್ಲಸದ ತಿದ್ದಿಕೊಂಡು ಮುಂದ ಹೋದ. ಸಾವಿರಾರು ಮಂದಿ ಮುಂದ ಪಾಠ ನಡದಂಗ ಇತ್ತು. ಹಿಂದೂಸ್ತಾನಿ ಗಾಯಕ ವೆಂಕಟೇಶ ಕುಮಾರ ಅವರಂಥಾವರು ಅಲ್ಲಿಂದನ ಬಂದವರು.

ಐಟಿ ಕೂಲಿ
ಆ ಹುಡುಗ ಈಗ ಹಾಡ್ತಾನಾ?

ಗದಗಿನ ಗಾಳಿ
ಹೆಸರು ಕೇಳಲಿಲ್ಲ ನೋಡ್ರಿ. ಯಾವುದರ ಊರಾಗ ಸಂಗೀತ ಮಾಸ್ತರ್ ಆಗಿರ್ತಾನ.

ಕ್ಲೀವ್‌ಲ್ಯಾಂಡ್ ಕನ್ನಡತಿ
ಇಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಲ್ಲಿ ನಮಗೂ ಪ್ರತಿ ವಸಂತಕ್ಕೆ ತ್ಯಾಗರಾಜ ಆರಾಧನೆ ಇದೆ, 1978ರಿಂದ ನಡೀತಿದೆ. ಸೀಟು ಮೆತ್ತಗಿದೆ, ಸೌಂಡ್ ಚೆನ್ನಾಗಿದೆ, ದೊಡ್ಡ ದೊಡ್ಡ ವಿದ್ವಾಂಸರು ಬರ್ತಾರೆ. ಬೈಯೋಕೆ ಏನೂ ಸಿಗಲ್ಲ. ಆದ್ರೂ ತ್ಯಾಗರಾಜರ ಐದು ಕೃತಿ ಎಲ್ಲರೂ ಸೇರಿ ಹಾಡೋ ಪಂಚರತ್ನ ಗೋಷ್ಠಿಲಿ ಚಳಿ ಕೋಟು ಮಡಿಲಲ್ಲಿಟ್ಟುಕೊಂಡು ಹಾಡುವಾಗ ಕೋಟೆ ಹೈಸ್ಕೂಲಿನ ಕೋಸಂಬರಿ, ಪಾನಕ ಬೇಕು ಅನ್ಸುತ್ತೆ. ಇದು ಸಂಗೀತದ ಮಾತಲ್ಲ, ಹೊಟ್ಟೆದು.

ಸೌಂಡ್ ಸೀನ
ಹೊಟ್ಟೆದೂ ಸಂಗೀತವೇ. ಈಗಿನ ಕಾಟ ಏನು ಗೊತ್ತಾ, ಮುಂದಿನ ಸಾಲಲ್ಲಿ ಮೊಬೈಲ್ ಎತ್ತಿ ಹಿಡಿಯೋರು. ಕಚೇರಿ ಪೂರ್ತಿ ಪರದೇಲಿ ನೋಡ್ತಾರೆ. ಮನೆಗೆ ಹೋಗಿ ಒಂದು ಸಲವಾದ್ರೂ ಆ ವಿಡಿಯೊ ನೋಡಿದವರು ಇದ್ದಾರಾ?

ಚಾಮರಾಜಪೇಟೆ ಹಳಬ
ಅಳಿಯನಿಗೆ ಈ ಇಡೀ ಚರ್ಚೆ ಓದಿಸಿದೆ. "ಮಾವ, ಇಷ್ಟು ಜನ ಬರೆದಿದ್ದಾರೆ, ಯಾರೂ ಹಾಡಿನ ಬಗ್ಗೆ ಜಾಸ್ತಿ ಬರ್ದೇ ಇಲ್ಲ. ಶೂ, ಕೆಮ್ಮು, ಕರೆಂಟು, ಗಿರ್ಮಿಟ್ಟು" ಅಂದ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನಿಮ್ಮಲ್ಲಿ ಯಾರ ಹತ್ರಾದ್ರೂ ಇದ್ಯಾ?

ಭಾವಗೀತೆ ಭಟ್ಟ
ಹಾಡನ್ನ ಬರೆಯೋಕೆ ಬಂದಿದ್ರೆ ಹಾಡೋದು ಯಾಕೆ ಬೇಕಿತ್ತು? ಬರೆಯೋಕೆ ಬರೋದು ಕೆಮ್ಮು ಮಾತ್ರ.

ಮೃದಂಗಂ ಮಾಮ
ನಾನು ತಿಶ್ರ ನಡೆ ಬಗ್ಗೆ ಬರೆದಿದ್ದೆ. ಹುಡುಗ ಅದನ್ನೂ ಹಾರಿಸಿ ಓದಿದ್ದಾನೆ. ಅಲ್ಲೂ ತನಿಗೆ ಎದ್ದು ಹೋದ!

ಐಟಿ ಕೂಲಿ
ಮಿರ್ಚಿಯವರೇ, ಈ ಸಲ ಕುಂದಗೋಳಕ್ಕೆ ಬರೋಣ ಅಂತಿದೀವಿ, ನಾನೂ ಹೆಡ್‌ಬ್ಯಾಂಗರೂ. ರಾತ್ರಿ ಉಳ್ಕೊಳ್ಳೋಕೆ ಅಲ್ಲಿ ಒಳ್ಳೆ ಲಾಡ್ಜ್ ಇದೆಯಾ?

ಹುಬ್ಬಳ್ಳಿ ಮಿರ್ಚಿ
ಮಲಗಾಕ ಬರಾವ್ರಿದ್ರ ಹುಬ್ಬಳ್ಳ್ಯಾಗ ಇರ್ರಿ. ಹಾಡು ಕೇಳಾಕ ಬರಾವ್ರಿದ್ರ ಟಾವೆಲ್ ತರ್ರಿ.

ಬಸವನಗುಡಿ ಹೆಡ್‌ಬ್ಯಾಂಗರ್
ಟಾವೆಲ್ ಓಕೆ. ಕಪ್ಪು ಟೀ ಶರ್ಟ್ ಹಾಕ್ಕೊಂಡು ಬಂದ್ರೆ ನಡಿಯುತ್ತಾ?